ಸೂರ್ಯನ ಮುಖ ಒರೆಸಿದ ಅಕ್ಕ

ನಾನೂರು ವರ್ಷಗಳಿಂದ ದೊಡ್ಡ ದೊಡ್ಡ ತಲೆಯವರೆಲ್ಲ ದುರ್ಬೀನು ಹಿಡಿದು ಸೂರ್ಯನನ್ನು ನೋಡಿದ್ದಾರೆ, ಅಳೆದಿದ್ದಾರೆ, ಅವನ ಹೊಟ್ಟೆಯೊಳಗೆ ಏನು ಕುದಿಯುತ್ತಿದೆ ಎಂದು ಲೆಕ್ಕ ಹಾಕಿದ್ದಾರೆ. ಅದೆಲ್ಲ ಸರಿ, ಒಪ್ಪೋಣ. ಆದರೆ ಅವನನ್ನು ಎದುರಿಗೆ ಕೂರಿಸಿಕೊಂಡು ಮುಖ ಒರೆಸಿದವಳು ಇಷ್ಟು ಕಾಲದಲ್ಲಿ ಒಬ್ಬಳೇ. ಅವಳು ಅಂಚೆಚೀಟಿ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಚುಕ್ಕೆ ತೆಗೆಯುವ ಕೆಲಸದಲ್ಲಿದ್ದಳು. ಹೆತ್ತವರು ಇಟ್ಟ ಹೆಸರೊಂದು ಅವಳಿಗೂ ಇತ್ತು, ಆದರೆ ಹಾಜರಿ ಪುಸ್ತಕದ ಹೊರಗೆ ಅದನ್ನು ಯಾರೂ ಬಳಸಿದ್ದಿಲ್ಲ. ಎಲ್ಲರ ಬಾಯಲ್ಲೂ ಅವಳು ಚೊಕ್ಕಟಕ್ಕ.

ಚುಕ್ಕೆ ತೆಗೆಯುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರಿದ್ದಾರೆ, ಅವರಿಗಾಗಿ ಹೇಳಿಬಿಡುತ್ತೇನೆ. ಚಿತ್ರಕಾರರು ಬರೆದದ್ದನ್ನು ಮೊದಲು ಫಿಲ್ಮಿಗೆ ಇಳಿಸುತ್ತಾರೆ, ಒಂದೊಂದು ಬಣ್ಣಕ್ಕೆ ಒಂದೊಂದು ಫಿಲ್ಮು, ಅಕ್ಷರಗಳಿಗೆ ಬೇರೆಯೇ ಒಂದು. ಫಿಲ್ಮು ತೆಗೆಯುವಾಗ ಎಲ್ಲಾದರೂ ಧೂಳಿನ ಕಣ ಕೂತಿತ್ತೋ, ಅಲ್ಲೊಂದು ಸೂಜಿಮೊನೆಯಷ್ಟು ತೂತು ಉಳಿಯುತ್ತದೆ. ಅಚ್ಚಾದಾಗ ಆ ತೂತು ಕರೀ ಚುಕ್ಕೆಯಾಗಿ ಯಾವುದೋ ಮಹಾನುಭಾವರ ಮೂಗಿನ ತುದಿಗೆ ಬಂದು ಕೂರುತ್ತದೆ. ಅದು ಆಗಬಾರದೆಂದೇ ಚೊಕ್ಕಟಕ್ಕನಿಗೆ ಒಂದು ಗಾಜಿನ ಮೇಜು, ಅದರ ಕೆಳಗೊಂದು ದೀಪ. ಬಲಗೈಯಲ್ಲಿ ನಾಲ್ಕೇ ಕೂದಲಿನ ಕುಂಚ ಹಿಡಿದು ಕಂದು ಬಣ್ಣದಿಂದ ತೂತು ಮುಚ್ಚುವುದು, ಎಡಗೈಯಲ್ಲಿ ಒದ್ದೆ ಹತ್ತಿ ಹಿಡಿದು ಹೆಚ್ಚಾದ ಬಣ್ಣವನ್ನು ಆಗಿಂದಾಗಲೇ ಒರೆಸುವುದು. ಬಲಗೈ ಇಟ್ಟಿತು, ಎಡಗೈ ಒರೆಸಿತು. ಮೂವತ್ತೊಂದು ವರ್ಷ ಇದೇ.

ಈ ಕೆಲಸದ ಕಷ್ಟ ಏನೆಂದರೆ, ಚೆನ್ನಾಗಿ ಮಾಡಿದರೆ ಮಾಡಿದ್ದೇ ಕಾಣುವುದಿಲ್ಲ. ಇಲ್ಲದ ಚುಕ್ಕೆಯನ್ನು ನೋಡಿ ಭೇಷ್ ಅನ್ನುವವರು ಯಾರು? ಚೊಕ್ಕಟಕ್ಕನಿಗೆ ಅದರ ಬೇಜಾರೇನೂ ಇರಲಿಲ್ಲ. ಆದರೆ ಕೈಗೆ ಅಂಟಿದ ಚಾಳಿ ಮುದ್ರಣಾಲಯದ ಬಾಗಿಲಲ್ಲೇ ಉಳಿಯಲಿಲ್ಲ. ಬಸ್ಸಿನಲ್ಲಿ ಕೂತರೆ ಕಿಟಕಿ ಒರೆಸುವಳು, ಗಂಡನ ಜೊತೆ ಮಾತಾಡುತ್ತ ಅವನ ಅಂಗಿಯ ಗುಂಡಿ ಒರೆಸುವಳು. ಒಮ್ಮೆ ಪಕ್ಕದ ಮನೆಯಾಕೆಯ ಗಲ್ಲದ ಮೇಲಿದ್ದ ಮಚ್ಚೆಯನ್ನು ಎರಡು ಸಲ ಒರೆಸಿ, ಮೂರನೇ ಸಲ ಆಕೆಯೇ ಕೈ ಹಿಡಿದುಕೊಂಡು, ಅಮ್ಮಾ ಇದು ಹುಟ್ಟಿದಾಗಿನಿಂದ ಇದೆ ಎಂದು ತಿಳಿಹೇಳಬೇಕಾಯಿತು.

ಇಂಥವಳಿಗೆ ಎಂಥ ತಂಗಿ ಇದ್ದಳೆಂದರೆ, ದೇವರು ತಮಾಷೆಗೇ ಜೋಡಿ ಮಾಡಿ ಕಳಿಸಿದಂತಿತ್ತು. ತಂಗಿ ಚಿತ್ರಕಾರಳು. ಕೂತಲ್ಲಿ ಬಣ್ಣ, ನಿಂತಲ್ಲಿ ಬಣ್ಣ, ಬಾಗಿಲ ಹಿಡಿಯ ಮೇಲೆ ನೀಲಿ ಬೆರಳು, ಸಕ್ಕರೆ ಡಬ್ಬಿಯಲ್ಲಿ ಕುಂಚ. ಅಕ್ಕನಿಗಿಂತ ಹದಿನಾರು ವರ್ಷ ಚಿಕ್ಕವಳು. ತಾಯಿ ಬೇಗ ಹೋದದ್ದರಿಂದ ಅಕ್ಕನೇ ಎತ್ತಿ ಆಡಿಸಿ ಬೆಳೆಸಿದ್ದಳು, ಈಗ ಅಕ್ಕನ ಮನೆಯ ಮಹಡಿಯಲ್ಲೇ ಇದ್ದಳು. ಹೊತ್ತು ಹೊತ್ತಿಗೆ ಕೆಳಗಿಳಿದು ಬಂದು ಊಟ ಮಾಡಿ, ಭಾವನ ಕೈಗಡಿಯಾರ ರಿಪೇರಿಯ ಚಿಮಟ ಕದ್ದುಕೊಂಡು ಮೇಲೆ ಹೋಗುವಳು. ಅಕ್ಕನಿಗೆ ಮಕ್ಕಳಿಲ್ಲ. ಇದ್ದದ್ದು ಈ ತಂಗಿ ಒಬ್ಬಳೇ, ಅವಳ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದಳು.

ಇಷ್ಟು ವರ್ಷ ಸೋಪಿನ ಪೆಟ್ಟಿಗೆ, ಬಿಸ್ಕತ್ತಿನ ಡಬ್ಬಿಗಳ ಮೇಲೆ ಹೂವು ಬರೆದುಕೊಂಡಿದ್ದ ತಂಗಿಗೆ ಆ ವರ್ಷ ಒಂದು ದೊಡ್ಡ ಕೆಲಸ ಸಿಕ್ಕಿತು. ಊರಾಚೆಯ ಗುಡ್ಡದ ಮೇಲಿರುವ ಸೌರ ವೀಕ್ಷಣಾಲಯಕ್ಕೆ ನೂರು ತುಂಬುವುದಿತ್ತು. ಆ ನೆನಪಿಗೆ, ಸೂರ್ಯನ ಬಗ್ಗೆ ಮನುಷ್ಯರು ಕಂಡುಹಿಡಿದದ್ದನ್ನು ಸಾರುವ ಆರು ಅಂಚೆಚೀಟಿ ಬರೆಯಬೇಕು. ಬಿಸಿಲನ್ನು ಸೀಳಿದಾಗ ಬಣ್ಣದ ಪಟ್ಟಿಯಲ್ಲಿ ಕಾಣುವ ಕಪ್ಪು ಗೆರೆಗಳದ್ದು ಒಂದು. ಭೂಮಿಯ ಮೇಲೆ ಸಿಗುವುದಕ್ಕೂ ಮೊದಲೇ ಸೂರ್ಯನಲ್ಲಿ ಪತ್ತೆಯಾದ ಅನಿಲದ್ದು ಇನ್ನೊಂದು. ಸೂರ್ಯ ದೊಡ್ಡ ಗಂಟೆಯ ಹಾಗೆ ಒಳಗೊಳಗೇ ಅದುರುತ್ತಾನಂತೆ, ಅದಕ್ಕೂ ಒಂದು ಚೀಟಿ. ಹೀಗೆ ಆರು. ಎಲ್ಲಕ್ಕೂ ಮೊದಲನೆಯದು, ತಂಗಿಗೆ ಪ್ರಾಣವಾಗಿದ್ದದ್ದು, ಸೂರ್ಯನ ಕಲೆಗಳು ಕಂಡದ್ದು. ನಾನೂರು ವರ್ಷದ ಹಿಂದೆ ಕೆಲವರು ದುರ್ಬೀನಿನಿಂದ ಬಿಸಿಲನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ, ಸೂರ್ಯನ ಮೈಮೇಲಿನ ಕಪ್ಪು ಕಲೆಗಳನ್ನು ದಿನದಿನವೂ ಗುರುತು ಹಾಕಿಟ್ಟಿದ್ದರಲ್ಲ, ಅದು.

ಅದಕ್ಕಾಗಿ ತಂಗಿ ಆರು ತಿಂಗಳು ಬೆಳಗಿನ ಮೊದಲ ಬಸ್ಸಿಗೆ ಗುಡ್ಡ ಹತ್ತಿದಳು. ಅಲ್ಲಿ ಬಿಸಿಲಜ್ಜ ಎಂಬ ಮುದುಕರಿದ್ದರು. ಅವರದ್ದು ನಲವತ್ತು ವರ್ಷದಿಂದ ಒಂದೇ ಕೆಲಸ, ಬೆಳಿಗ್ಗೆ ಎಂಟಕ್ಕೆ ದುರ್ಬೀನಿನ ಕೆಳಗೆ ಹಾಳೆ ಸಿಕ್ಕಿಸಿ ಅವತ್ತಿನ ಕಲೆಗಳನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು. ಕಲೆಗಳ ಬಗ್ಗೆ ಅವರು ಮಾತಾಡುವುದು ಕೇಳಿದರೆ ಮೊಮ್ಮಕ್ಕಳ ಬಗ್ಗೆ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಅವರ ಪಕ್ಕ ಕೂತು, ಬೈಸಿಕೊಂಡು, ಅಳಿಸಿ ಬರೆದು, ತಂಗಿ ಕೊನೆಗೂ ಹನ್ನೊಂದು ಕಲೆಗಳಿರುವ ಒಂದು ಸೂರ್ಯನನ್ನು ಬರೆದು ಮುಗಿಸಿದಳು. ಬಿಸಿಲಜ್ಜ ಅದನ್ನು ನೋಡಿ ಮೂಗು ಸೀನಿಕೊಂಡರಂತೆ. ಅವರ ಲೆಕ್ಕದಲ್ಲಿ ಅದು ದೊಡ್ಡ ಹೊಗಳಿಕೆ.

ಆ ಸೂರ್ಯನ ಕಪ್ಪು ಬಣ್ಣದ ಫಿಲ್ಮು ಚೊಕ್ಕಟಕ್ಕನ ಮೇಜಿಗೆ ಬಂತು. ನೀವೇ ಯೋಚಿಸಿ. ಹಳದಿ ಸೂರ್ಯ ಬೇರೆ ಫಿಲ್ಮಿನಲ್ಲಿ, ಕೆಳಗಿನ ಅಕ್ಷರ ಇನ್ನೊಂದರಲ್ಲಿ. ಇವಳ ಮುಂದೆ ಬಂದದ್ದು ಒಂದು ಖಾಲಿ ಕಪ್ಪು ಹಾಳೆ, ಅದರಲ್ಲಿ ಅಲ್ಲೊಂದು ಇಲ್ಲೊಂದು ತೂತು. ಆರರಲ್ಲಿ ಇದು ಯಾವ ಚೀಟಿಯದೆಂದೂ ಅದರ ಮೇಲೆ ಬರೆದಿರಲಿಲ್ಲ. ಮುದ್ರಣಾಲಯದಲ್ಲಿ ಒಂದು ಪದ್ಧತಿ ಇತ್ತು: ಬೇಕೆಂದೇ ಇಟ್ಟ ಚುಕ್ಕೆ ಇದ್ದರೆ ಚಿತ್ರಕಾರರು ಫಿಲ್ಮಿನ ಮೂಲೆಗೆ ಕೆಂಪು ಚೀಟಿ ಅಂಟಿಸಬೇಕು. ಇದಕ್ಕೆ ಚೀಟಿ ಇರಲಿಲ್ಲ. ತಂಗಿಯ ಕೊಳಕು ಕೆಲಸ, ಎಲ್ಲೋ ಬಿಸ್ಕತ್ತು ತಿನ್ನುತ್ತ ಬರೆದಿದ್ದಾಳೆ ಎಂದುಕೊಂಡಳು ಅಕ್ಕ. ಇದು ತಂಗಿಯ ಮೊದಲ ಅಂಚೆಚೀಟಿ, ಒಂದು ಕುಂದೂ ಉಳಿಯಬಾರದು ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಹನ್ನೊಂದನ್ನೂ ಮುಚ್ಚಿದಳು. ಅವುಗಳ ಕೆಳಗೆ ಇರುವೆ ನಡೆದುಹೋದಂಥ ಒಂದು ಸಣ್ಣ ಗೀಚು ಕಂಡಿತು, ಅದನ್ನೂ ಬಿಡಲಿಲ್ಲ. ಅಷ್ಟು ಪ್ರೀತಿಯಿಂದ ಅವಳು ಇನ್ನಾವ ಫಿಲ್ಮನ್ನೂ ಒರೆಸಿರಲಿಲ್ಲ.

ಮ್ಯಾನೇಜರ್ ಎಂಬ ಪ್ರಾಣಿ ಒಂದಿತ್ತು, ಅವರಾದರೂ ನೋಡಬೇಕಿತ್ತು. ಅವರಿಗೆ ಆಗ್ಲಿಬಿಡಿ ಸಾಹೇಬರೆಂದು ಹೆಸರು, ಯಾಕೆಂದರೆ ಏನು ತೋರಿಸಿದರೂ ಅವರು ಹೇಳುವುದು ಅದೊಂದೇ. ಮಾದರಿ ಅಚ್ಚು ಬಂದಾಗ, ತಂಗಿಗೂ ತೋರಿಸಬೇಕಾ ಎಂದು ಯಂತ್ರದವನು ಕೇಳಿದ. ಹಳದಿ ಚೆನ್ನಾಗಿ ಬಂದಿದೆ, ತಡ ಬೇರೆ ಆಗಿದೆ, ಆಗ್ಲಿ ಬಿಡಿ ಎಂದು ಇವರು ರುಜು ಹಾಕಿಬಿಟ್ಟರು. ಬಿಡುಗಡೆಯ ದಿನಕ್ಕೆಂದು ಆರೂ ಚೀಟಿಗಳಿರುವ ದೊಡ್ಡ ಸ್ಮರಣೆ ಹಾಳೆ ಮುನ್ನೂರು ಅಚ್ಚಾದವು. ಹಿಂದೆ ಗೋಂದು ಬಳಿದಾಯಿತು, ಸುತ್ತ ತೂತಿನ ಸಾಲು ಹೊಡೆದಾಯಿತು, ಕಟ್ಟು ಕಟ್ಟಿಯಾಯಿತು.

ಬಿಡುಗಡೆ ಸಂಜೆ ನಾಲ್ಕಕ್ಕೆ. ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲಜ್ಜ ವೀಕ್ಷಣಾಲಯದ ವ್ಯಾನಿನಲ್ಲಿ ಹಾಳೆ ಒಯ್ಯಲು ಬಂದರು. ಮ್ಯಾನೇಜರ್ ಒಂದು ಹಾಳೆ ತೆಗೆದು ಅವರ ಕೈಗಿಟ್ಟರು. ಅಜ್ಜ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಹಾಳೆಯನ್ನು ತಲೆಕೆಳಗು ಮಾಡಿದರು, ಬೆನ್ನು ತಿರುಗಿಸಿ ಗೋಂದಿನ ಕಡೆಯೂ ಹುಡುಕಿದರು.

“ಕಲೆಗಳು ಎಲ್ಲಿ?” ಎಂದರು.

ಮ್ಯಾನೇಜರ್ ಎದೆ ಉಬ್ಬಿಸಿದರು. “ನಮ್ಮಲ್ಲಿ ಕಲೆಗಿಲೆ ಎಲ್ಲ ಇರೋದೇ ಇಲ್ಲ ಸಾರ್. ಹುಡುಕಿದ್ರೂ ಒಂದು ಸಿಗಲ್ಲ ನಿಮಗೆ.”

ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ‘ಸೂರ್ಯನ ಕಲೆಗಳ ಶೋಧ’ ಎಂದಿತ್ತು. ಮೇಲೆ ತುಪ್ಪ ಸವರಿದ ತಟ್ಟೆಯಂತೆ ಫಳಫಳ ಹೊಳೆಯುವ ಹಳದಿ ದುಂಡು, ಮತ್ತೇನಿಲ್ಲ. ಮ್ಯಾನೇಜರ್ ಆ ಅಕ್ಷರಗಳನ್ನು ಅವತ್ತೇ ಮೊದಲ ಸಲ ಓದಿದರೆಂದು ಕಾಣುತ್ತದೆ, ಏಕೆಂದರೆ ಅವರ ಎದೆ ಉಬ್ಬಿದ್ದಲ್ಲಿಂದ ನಿಧಾನವಾಗಿ ಕೆಳಗಿಳಿಯಿತು. ಅಕ್ಕನನ್ನು ಕರೆಸಿದರು. ಅವಳು ಓದಿದಳು. ಕೆಲಸ ಹೋಗುತ್ತದೆಂಬುದು ಅವಳ ತಲೆಗೇ ಹೊಳೆಯಲಿಲ್ಲ. ಆರು ತಿಂಗಳು ಮೊದಲ ಬಸ್ಸಿಗೆ ಓಡುತ್ತಿದ್ದ ತಂಗಿಯೇ ಕಣ್ಣ ಮುಂದೆ ಬಂದಳು.

ಸಂಜೆಯ ಹೊಸ ಬಟ್ಟೆ ತೊಟ್ಟುಕೊಂಡೇ ತಂಗಿ ಓಡಿಬಂದಳು, ತೋಳಿನ ಮೇಲೆ ಆಗಲೇ ಹಸಿರು ಬಣ್ಣ ಮೆತ್ತಿತ್ತು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮ್ಯಾನೇಜರ್ ಸಮಾಧಾನದ ಮಾತಿಗೆ ಶುರುವಿಟ್ಟರು. ಇದು ಕಲೆ ಪತ್ತೆಯಾಗುವುದಕ್ಕೂ ಹಿಂದಿನ ದಿನದ ಸೂರ್ಯ ಎಂದು ಒಂದು ಸಣ್ಣ ಚೀಟಿ ಅಂಟಿಸಿಬಿಟ್ಟರೆ ಹೇಗೆ ಎಂದು ಕೇಳಿದರು. ಅಜ್ಜ, ಕಲೆಯೇ ಇಲ್ಲದ ದಿನಗಳೂ ಉಂಟು, ನನ್ನ ದಾಖಲೆಯಲ್ಲೇ ಬೇಕಾದಷ್ಟಿವೆ ಎಂದು ತಾವೂ ಒಂದು ಮಾತು ಸೇರಿಸಿದರು. ಸತ್ಯ ಹೇಳುವುದು ಬಿಟ್ಟರೆ ಅವರಿಗೆ ಬೇರೆ ದುರುದ್ದೇಶ ಇರಲಿಲ್ಲ, ಆದರೆ ಆ ಹೊತ್ತಿಗೆ ಸತ್ಯ ಯಾರಿಗೂ ಬೇಕಿರಲಿಲ್ಲ.

ಅಕ್ಕನಿಗೂ ಏನಾದರೂ ಹೇಳಲೇಬೇಕೆನ್ನಿಸಿ, ಹೇಳಬಾರದ್ದನ್ನೇ ಹೇಳಿದಳು. ಕೆಂಪು ಚೀಟಿ ಯಾಕೆ ಅಂಟಿಸಲಿಲ್ಲ ಎಂದು ಕೇಳಿದಳು.

ತಂಗಿಯ ಕಿವಿ ಕೆಂಪಾಯಿತು. ಅವಳು ಕೂಗಾಡುವವಳಲ್ಲ, ಮೆಲ್ಲಗೇ ಹೇಳಿದಳು. “ನಾನು ಹುಟ್ಟಿದಾಗಿಂದ ಹಾಕಿದ್ದನ್ನೆಲ್ಲ ನೀನು ಹಿಂದಿಂದ ಒರೆಸ್ಕೊಂಡೇ ಬಂದೆ. ನಾನೂ ಸುಮ್ನಿದ್ದೆ. ಇನ್ನು ಆಗಲ್ಲ ಅಕ್ಕ. ಸಂಜೆ ನಾನು ಬರಲ್ಲ. ಬಣ್ಣದಂಗಡಿ ಮೇಲೊಂದು ರೂಮು ಖಾಲಿ ಇದೆ, ನಾಳೆ ಅಲ್ಲಿಗೆ ಹೋಗ್ತೀನಿ.”

ಬಣ್ಣದಂಗಡಿ ಎರಡೇ ಬೀದಿಯಾಚೆ, ನಿಜ. ಆದರೆ ತಂಗಿ ಹೊರಟಿದ್ದು ಬೀದಿ ದಾಟಿ ಅಲ್ಲ, ತನ್ನನ್ನು ದಾಟಿ ಎಂದು ಚೊಕ್ಕಟಕ್ಕನಿಗೆ ಗೊತ್ತಾಯಿತು. ಏನಾದರೂ ಸರಿ, ಸಂಜೆಯೊಳಗೆ ಇದನ್ನು ನೆಟ್ಟಗೆ ಮಾಡಬೇಕು, ತಂಗಿಯನ್ನು ಉಳಿಸಿಕೊಳ್ಳಬೇಕು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳು ಮ್ಯಾನೇಜರಿಗೆ ಎದುರು ನಿಂತು, ಈ ಮುನ್ನೂರಕ್ಕೂ ಕಲೆ ಇಟ್ಟ ಹೊರತು ಒಂದು ಹಾಳೆಯೂ ಹೊರಗೆ ಹೋಗಕೂಡದು ಎಂದಳು. ಗಾಬರಿಯಲ್ಲಿ ಮ್ಯಾನೇಜರ್, ಆಗ್ಲಿ ಬಿಡಿ ಎಂದರು.

ಆಗುವುದು ಹೇಗೆ? ಗೋಂದು ಬಳಿದು ತೂತು ಹೊಡೆದ ಹಾಳೆ ಮತ್ತೆ ಯಂತ್ರಕ್ಕೆ ಹೋದರೆ ಚಿಂದಿಯಾಗುತ್ತದೆ ಎಂದು ಯಂತ್ರದವನು ಖಡಾಖಂಡಿತವಾಗಿ ಹೇಳಿದ. ಹೊಸದಾಗಿ ಅಚ್ಚು ಹಾಕಲು ಆ ಕಾಗದ ಉಳಿದಿಲ್ಲ. ಕೈಯಲ್ಲೇ ಇಡಬೇಕು, ಹಾಳೆಗೆ ಹನ್ನೊಂದರಂತೆ. ಕೆಟ್ಟುಹೋದ ಹಾಳೆಗಳ ಮೇಲೆ ಎಲ್ಲರೂ ಒಂದೊಂದು ಸೂರ್ಯನಿಗೆ ಕಲೆ ಇಟ್ಟು ನೋಡೋಣ, ಯಾರ ಕೈ ಒಳ್ಳೆಯದೋ ಅವರು ಕೂರಲಿ ಎಂದಾಯಿತು. ಇದರಿಂದ ಆದದ್ದೇನೆಂದರೆ, ಪ್ರತಿಯೊಬ್ಬರ ಬಂಡವಾಳವೂ ಬಯಲಿಗೆ ಬಂತು. ಯಂತ್ರದವನು ಒತ್ತಿದ ಒತ್ತಿಗೆ ಸೂರ್ಯ ಜರಡಿಯಾದ. ಮ್ಯಾನೇಜರ್ ಇಟ್ಟ ಚುಕ್ಕೆಗಳು ಎರಡು ಸಾಲಾಗಿ ಕವಾಯತಿಗೆ ನಿಂತವು. ಕಾಗದ ಕತ್ತರಿಸುವವನು ಮೊದಲು ಎರಡು ಕಣ್ಣಿಟ್ಟ, ಅಷ್ಟಿಟ್ಟ ಮೇಲೆ ಬಾಯಿ ಇಡದೆ ಇರಲಾರದೆ ಅದನ್ನೂ ಇಟ್ಟ. ಅವನ ಸೂರ್ಯ ಎಲ್ಲರನ್ನೂ ನೋಡಿ ಹಲ್ಲು ಕಿರಿಯುತ್ತಿದ್ದ.

ಬಿಸಿಲಜ್ಜ ಒಂದೊಂದನ್ನೇ ಭೂತಗನ್ನಡಿಯಲ್ಲಿ ನೋಡಿ ಬದಿಗಿಟ್ಟರು. ಸೂರ್ಯನ ನೆತ್ತಿಯಲ್ಲಿ, ಪಾದದಲ್ಲಿ ಕಲೆ ಬರುವುದಿಲ್ಲ, ನಡುವಿನ ಎರಡು ಪಟ್ಟಿಗಳಲ್ಲೇ ಬರುವುದು, ಸುಮ್ಮನೆ ಮನಸ್ಸಿಗೆ ಬಂದ ಕಡೆ ಇಡಲು ಇದೇನು ಸಿಡುಬೇ ಎಂದು ಗೊಣಗಿದರು. ಕೊನೆಗೆ ಅವರ ಕಣ್ಣು ಚೊಕ್ಕಟಕ್ಕನ ಕುಂಚದ ಮೇಲೆ ಬಿತ್ತು.

ಅಕ್ಕನಿಗೂ ದಾರಿ ಹೊಳೆದಿತ್ತು. ಅವಳು ಬಳಿದಿದ್ದ ಕಂದು ಬಣ್ಣ ನೀರಿಗೆ ಕರಗುವಂಥದ್ದು. ಫಿಲ್ಮನ್ನು ನಲ್ಲಿಯ ಕೆಳಗೆ ಹಿಡಿದಳು, ಬಣ್ಣವೆಲ್ಲ ಇಳಿದುಹೋಗಿ ಹನ್ನೊಂದು ತೂತುಗಳೂ ಬಾಯಿ ತೆರೆದವು. ಅದನ್ನು ಗಾಜಿನ ಮೇಜಿನ ಮೇಲಿಟ್ಟು, ಮೇಲೆ ಹಾಳೆ ಹಾಸಿ, ಕೆಳಗಿನ ದೀಪ ಹಚ್ಚಿದರೆ ಹಳದಿ ಸೂರ್ಯನ ಮೈಮೇಲೆ ಹನ್ನೊಂದು ಬೆಳಕಿನ ಚುಕ್ಕೆಗಳು ಮೂಡಿದವು. ಅವು ಇದ್ದಲ್ಲೇ ಕಪ್ಪು ಇಟ್ಟರಾಯಿತು. ಅಕ್ಕ ಕುಂಚ ಅದ್ದಿ ಮೊದಲನೆಯದನ್ನು ಇಟ್ಟಳು. ಎಂಥ ಕಲೆ ಅಂತೀರಿ, ನಡುವೆ ಕಪ್ಪು, ಅಂಚಿಗೆ ತುಸು ಮಸುಕು. ಅಜ್ಜ ಆಹಾ ಎನ್ನುವಷ್ಟರಲ್ಲಿ ಎಡಗೈ ಬಂದು ಅದನ್ನು ಒರೆಸಿಹಾಕಿತು.

ಅಕ್ಕ ತನ್ನ ಕೈಯನ್ನು ತಾನೇ ದುರುಗುಟ್ಟಿ ನೋಡಿದಳು. ಮತ್ತೆ ಇಟ್ಟಳು, ಮತ್ತೆ ಒರೆಸಿತು. ಹತ್ತಿ ಕಿತ್ತುಕೊಂಡರು, ಬರಿ ಹೆಬ್ಬೆರಳಲ್ಲೇ ಒರೆಸಿತು. ಕೈಯ ಮೇಲೆ ಕೂತುಕೊಂಡಳು, ಮೂರನೇ ಕಲೆ ಇಡುವ ಹೊತ್ತಿಗೆ ಅದು ಹೇಗೋ ನುಸುಳಿ ಹೊರಗೆ ಬಂತು. ಮೂರು ಹಾಳೆ ಹಾಳಾಗಿ, ನೋಡುತ್ತಿದ್ದವರಿಗೆ ನಗು ತಡೆಯುವುದು ಕಷ್ಟವಾಗಿ, ಒಬ್ಬೊಬ್ಬರೇ ಗೋಡೆಯ ಕಡೆ ತಿರುಗಿಕೊಂಡರು. ಅದೃಷ್ಟಕ್ಕೆ ಕಟ್ಟಿನಲ್ಲಿ ಮೂರು ಹಾಳೆ ಹೆಚ್ಚಿಗೆ ಇದ್ದವು, ಈಗ ಸರಿಯಾಗಿ ಮುನ್ನೂರೇ ಉಳಿದವು.

ಬಾಗಿಲಲ್ಲಿ ಮುಖ ಊದಿಸಿಕೊಂಡು ನಿಂತಿದ್ದ ತಂಗಿ ಆಗ ಒಳಗೆ ಬಂದಳು. ಕಟ್ಟು ಕಟ್ಟುವ ಸುತಳಿಯನ್ನು ತೆಗೆದುಕೊಂಡು ಅಕ್ಕನ ಎಡಗೈಯನ್ನು ಕುರ್ಚಿಯ ತೋಳಿಗೆ ಕಟ್ಟಿದಳು. ಬೇಕಾದ್ದಕ್ಕಿಂತ ತುಸು ಬಿಗಿಯಾಗಿಯೇ ಕಟ್ಟಿದಳು. ಎರಡು ಗಂಟು ಸಾಕಿತ್ತು, ಐದು ಹಾಕಿದಳು.

ಆಮೇಲೆ ಕೆಲಸ ಸಾಗಿತು ನೋಡಿ. ತಂಗಿ ಹಾಳೆ ಹಾಸುವಳು, ಅಕ್ಕ ಹನ್ನೊಂದು ಕಲೆ ಇಡುವಳು, ಅಜ್ಜ ಎತ್ತಿ ಆರಲು ಹಾಕುವರು. ಪ್ರತಿ ಕಲೆಗೂ ಕಟ್ಟಿದ ಕೈ ಸುತಳಿಯಲ್ಲೇ ಮಿಸುಕಾಡುತ್ತಿತ್ತು, ಕುರ್ಚಿ ಕಿರ್ ಎನ್ನುತ್ತಿತ್ತು. ಹಾಳೆ ಹಾಸುವುದು ಬಿಟ್ಟರೆ ತಂಗಿ ಅಕ್ಕನ ಕಡೆ ನೋಡಲಿಲ್ಲ. ನೂರು ಮುಗಿದ ಮೇಲೆ ಎಲ್ಲರಿಗೂ ಚಹಾ ಬಂತು. ಅಕ್ಕನಿಗೆ ಒಂದು ಅನುಮಾನ. ಫಿಲ್ಮಿನ ಮೇಲೆ ಎಲ್ಲಾದರೂ ಕಂದು ಬಣ್ಣ ಉಳಿದು ಕಲೆ ಮುಚ್ಚಿಹೋಗಿದೆಯೇ ಎಂದು ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ ಬಗ್ಗಿದಳು. ಕಲೆಗಳು ಸರಿಯಾಗಿದ್ದವು. ಸೂರ್ಯನ ಕೆಳಗಿನ ಅಂಚಿನಲ್ಲಿ ಆ ಇರುವೆ ನಡೆದ ಗೀಚು ಇತ್ತಲ್ಲ, ಅದೂ ತೊಳೆದು ಹೊರಗೆ ಬಂದಿತ್ತು. ಅದು ಗೀಚಲ್ಲ, ಅಕ್ಷರ. ಕಾಗದದ ಮೂಲಕ ಕಾಣದಷ್ಟು ಸಣ್ಣಗೆ, ನಾಲ್ಕೇ ನಾಲ್ಕು ಅಕ್ಷರ.

‘ಅಕ್ಕನಿಗೆ.’

ಚೊಕ್ಕಟಕ್ಕ ಬಗ್ಗಿದವಳು ಏಳಲಿಲ್ಲ. ಅಂಚೆಚೀಟಿ ಬರೆಯುವವರಿಗೆ ಇದು ಹಳೆಯ ಅಭ್ಯಾಸ, ಎಲ್ಲೋ ಒಂದು ಮೂಲೆಯಲ್ಲಿ ತಮ್ಮ ಗುಟ್ಟಿನ ಗುರುತು ಅಡಗಿಸಿಡುವುದು. ಯಾರ್ಯಾರದ್ದೋ ಗುಟ್ಟನ್ನು ಮೂವತ್ತೊಂದು ವರ್ಷ ಜೋಪಾನ ಮಾಡಿದವಳು ತನಗೆಂದು ಬಂದದ್ದನ್ನು ಒರೆಸಿ ಕೂತಿದ್ದಳು. ಅವಳಿಗೆ ಅಳು ಬಂತು, ಅಳುವಿನ ಜೊತೆ ಮೂಗೂ ಸೋರಿತು. ಬಲಗೈಯಲ್ಲಿ ಮಸಿ ತುಂಬಿದ ಕುಂಚ, ಎಡಗೈ ಕುರ್ಚಿಗೆ.

“ಮೂಗು,” ಎಂದಳು ಅಕ್ಕ ಸಣ್ಣ ದನಿಯಲ್ಲಿ.

ತಂಗಿ ತಿರುಗಿ ನೋಡಿದಳು. ಅಕ್ಕನ ಮುಖ, ಅವಳ ಕೈಯ ಕೆಳಗಿದ್ದ ಭೂತಗನ್ನಡಿ, ಅದು ನಿಂತ ಜಾಗ ಎಲ್ಲ ಕಂಡಿತು. ಹತ್ತಿ ತೆಗೆದುಕೊಂಡು ಬಂದು ಅಕ್ಕನ ಮೂಗು ಒರೆಸಿದಳು, ಆಮೇಲೆ ಕಣ್ಣು. ಮೊದಲು ಒರೆಸಬೇಕಾದ್ದು ಕಣ್ಣು, ಆದರೆ ಈ ತಂಗಿ ಯಾವುದನ್ನೂ ಕ್ರಮದಲ್ಲಿ ಮಾಡಿದವಳಲ್ಲ.

“ಚೀಟಿ ಯಾಕೆ ಅಂಟಿಸಲಿಲ್ಲ ಅಂದ್ಯಲ್ಲ,” ಎಂದಳು. “ಅಂಟಿಸಿದ್ರೆ ನೀನು ಮೊದಲು ಇದನ್ನೇ ನೋಡಿಬಿಡ್ತಿದ್ದೆ. ಕಲೆಗಳನ್ನ ನೋಡಿದ್ರೆ ಸೂರ್ಯಂದು ಅಂತ ನಿನಗೇ ಗೊತ್ತಾಗುತ್ತೆ ಅಂದ್ಕೊಂಡೆ. ಇವತ್ತು ಸಂಜೆ ಎಲ್ಲರ ಮುಂದೆ ನಿನ್ನ ಕೈಗೆ ಭೂತಗನ್ನಡಿ ಕೊಟ್ಟು ಹುಡುಕು ಅನ್ನೋಣ ಅಂತಿದ್ದೆ.”

ಅಕ್ಕ ಮೂಗೆಳೆದುಕೊಂಡು, ಮುನ್ನೂರರಲ್ಲೂ ಅದನ್ನು ಬರೆಯುತ್ತೇನೆ ಎಂದಳು. ತಂಗಿ ಬೇಡ ಎಂದಳು. ತನಗೆ ತಾನೇ ಉಡುಗೊರೆ ಕೊಟ್ಟುಕೊಂಡರೆ ಜನ ನಗುತ್ತಾರೆ, ಒರೆಸಿದ್ದು ಒರೆಸಿ ಆಯಿತು ಎಂದಳು. ದನಿ ಸ್ವಲ್ಪ ಮೆತ್ತಗಾಗಿತ್ತು, ಆದರೆ ರೂಮಿನ ಮಾತನ್ನು ಅವಳು ವಾಪಸ್ಸು ತೆಗೆದುಕೊಳ್ಳಲಿಲ್ಲ, ಗಂಟನ್ನೂ ಬಿಚ್ಚಲಿಲ್ಲ. ಅಕ್ಕ ಮತ್ತೆ ಕುಂಚ ಅದ್ದಿದಳು.

ಮಧ್ಯಾಹ್ನ ಮೂರರ ಹೊತ್ತಿಗೆ ಇನ್ನೂರ ತೊಂಬತ್ತೊಂಬತ್ತು ಮುಗಿದವು. ಮುನ್ನೂರನೆಯ ಹಾಳೆಯಲ್ಲಿ ಹತ್ತು ಕಲೆ ಇಟ್ಟು ಹನ್ನೊಂದನೆಯದಕ್ಕೆ ಬಂದಾಗ ಅಕ್ಕನ ಬೆರಳುಗಳು ಮರಗಟ್ಟಿ ಕುಂಚ ಹಿಡಿಯಲಾಗದೆ ಹೋದವು. ಹೊರಗೆ ವ್ಯಾನಿನವನು ಹಾರನ್ ಒತ್ತುತ್ತಿದ್ದ. ತಂಗಿ ಕುಂಚ ಕಸಿದುಕೊಂಡು, ಒಂದು ಚುಕ್ಕೆ ತಾನೇ ಎಂದು ಶೀಶೆಯ ತಳದವರೆಗೂ ಅದ್ದಿದಳು. ಎತ್ತಿದಳು. ಕುಂಚದಿಂದ ದಪ್ಪ ಹನಿಯೊಂದು ಸೂರ್ಯನ ನಟ್ಟನಡುವೆ ಟಪ್ಪೆಂದು ಬಿತ್ತು. ಹುರುಳಿಕಾಳಿನಷ್ಟಿತ್ತು. ಅದಕ್ಕೊಂದು ಬಾಲ ಬೇರೆ.

ಕುರ್ಚಿ ಕಿರ್ ಎಂದಿತು. ಆದರೆ ಕೈ ಕಟ್ಟಿತ್ತು. ಒರೆಸಲು ಹೊತ್ತಿಲ್ಲ, ಬಿಡಲು ಬೇರೆ ಹಾಳೆಯಿಲ್ಲ. ಮುನ್ನೂರು ಎಂದು ಪತ್ರ ಹೋಗಿದೆ, ಮುನ್ನೂರೇ ಕೊಡಬೇಕು ಎಂದು ಮ್ಯಾನೇಜರ್ ಹಠ ಹಿಡಿದರು. ಹಸಿ ಮಸಿಯ ಹಾಳೆಯನ್ನು ಕಟ್ಟಿಗೆ ಸೇರಿಸಿದರೆ ಉಳಿದದ್ದಕ್ಕೂ ಮೆತ್ತುತ್ತದೆ. ಹೀಗಾಗಿ, ಸಂಜೆ ಬರುವುದೇ ಇಲ್ಲ ಎಂದಿದ್ದ ತಂಗಿ ಆ ಹಾಳೆಯನ್ನು ಎರಡು ಅಂಗೈ ಮೇಲೆ ಮಲಗಿಸಿಕೊಂಡು, ಊರೆಲ್ಲರ ಮೇಲೂ ಸಿಟ್ಟಿರುವ ಮುಖ ಮಾಡಿಕೊಂಡು ವ್ಯಾನು ಹತ್ತಬೇಕಾಯಿತು. ಗಂಟುಗಳನ್ನು ಯಂತ್ರದವನು ಚಾಕುವಿನಿಂದ ಕೊಯ್ದ. ಅಕ್ಕ ತಂಗಿಯ ಪಕ್ಕ ಕೂತಳು. ಗುಡ್ಡದ ತಿರುವುಗಳಲ್ಲೆಲ್ಲ ತಂಗಿ ಬೀಳದ ಹಾಗೆ ಹೆಗಲು ಕೊಟ್ಟಳು.

ವೀಕ್ಷಣಾಲಯದ ಸಭಾಂಗಣ ತುಂಬಿತ್ತು. ಅಂಚೆ ಇಲಾಖೆಯ ಹಿರಿಯ ಅಧಿಕಾರಿಣಿ ವೇದಿಕೆಯ ಮೇಲಿದ್ದರು. ಮ್ಯಾನೇಜರ್ ಚೆಂದದ ಹಾಳೆಯೊಂದನ್ನು ಆರಿಸಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಟ್ಟೆಯಲ್ಲಿ ಇಟ್ಟಿದ್ದರು. ಚಿತ್ರಕಾರರನ್ನು ವೇದಿಕೆಗೆ ಕರೆದಾಗ ತಂಗಿ ಹೋದಳು, ಅಂಗೈ ಮೇಲೆ ಹಾಳೆ ಹಾಗೇ ಇತ್ತು. ಎಲ್ಲಿಡಬೇಕೆಂದು ಯಾರೂ ಹೇಳಿರಲಿಲ್ಲ. ಅಧಿಕಾರಿಣಿ ಅದೇ ಬಿಡುಗಡೆಯ ಹಾಳೆ ಎಂದು ತಿಳಿದು, ಮುಗುಳ್ನಗುತ್ತ ಎತ್ತಿಕೊಂಡು, ಎರಡು ಕೈಯಲ್ಲಿ ಹಿಡಿದು ಸಭೆಗೆ ತೋರಿಸಿದರು. ಚಪ್ಪಾಳೆ ಬಿತ್ತು. ಆಮೇಲೆ ಅವರೇ ತಿರುಗಿಸಿ ನೋಡಿ, ನಡುವಿನ ಈ ದೊಡ್ಡದು ಏನು ಎಂದು ಕೇಳಿದರು.

ಬಿಸಿಲಜ್ಜ ಎದ್ದು ನಿಂತು, ತುಂಬ ದೊಡ್ಡ ಕಲೆಗಳೂ ಉಂಟು, ಸೂರ್ಯ ಮುಳುಗುವಾಗ ಬರಿಗಣ್ಣಿಗೇ ಕಂಡದ್ದನ್ನು ನಾನೇ ಬರೆದಿಟ್ಟಿದ್ದೇನೆ, ಆದರೆ ಬಾಲ ಇರುವುದನ್ನು ನೋಡಿಲ್ಲ ಎಂದರು. ಮತ್ತೆ ಸತ್ಯ. ಸಭೆಯಲ್ಲಿ ಗುಸುಗುಸು ಎದ್ದಿತು. ತಂಗಿಯ ಮುಖದಲ್ಲಿ ನೀರಿಳಿಯಿತು, ಹಸಿರು ಮೆತ್ತಿದ ತೋಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಮ್ಯಾನೇಜರ್ ವೇದಿಕೆಯಿಂದ ಅಕ್ಕನ ಕಡೆ ಕಣ್ಣು ಹೊಡೆದು ಹೊಡೆದು ಸಾಕಾಗಿ, ಬಾಯಿ ಬಿಟ್ಟೇ ಕರೆದರು. ನಮ್ಮ ಚೊಕ್ಕಟಕ್ಕ ಇದ್ದಾಳೆ, ಒಂದು ನಿಮಿಷದಲ್ಲಿ ತೆಗೆದುಕೊಡುತ್ತಾಳೆ, ಹಿಂದೆ ಏನಾದರೂ ಇತ್ತು ಅಂತಲೂ ಗೊತ್ತಾಗುವುದಿಲ್ಲ ಎಂದು ಅಧಿಕಾರಿಣಿಗೆ ಭರವಸೆ ಕೊಟ್ಟರು.

ಅದು ಸುಳ್ಳೇನಲ್ಲ. ಅರೆ ಆರಿದ ಮಸಿಯನ್ನು ಗೋಂದಿನ ಕಾಗದದಿಂದ ಎತ್ತಬಲ್ಲ ಕೈ ಆ ಊರಲ್ಲಿ ಅದೊಂದೇ ಇತ್ತು. ಅಕ್ಕ ಮೆಟ್ಟಿಲು ಹತ್ತಿದಳು. ಹಾಳೆಯನ್ನು ಅವಳ ಮುಂದೆ ಹಿಡಿದರು. ಜೇಬಿನಲ್ಲಿದ್ದ ಹತ್ತಿ ಎಡಗೈಗೆ ತಾನಾಗಿಯೇ ಬಂದಿತ್ತು. ತಂಗಿ ಅವಳನ್ನೇ ನೋಡುತ್ತಿದ್ದಳು. ಇನ್ನೇನು, ನಿನ್ನ ಕೆಲಸ ನೀನು ಮಾಡು ಎನ್ನುವ ಹಾಗೆ, ನೋಡುವುದನ್ನೂ ಬಿಟ್ಟು ನೆಲ ನೋಡತೊಡಗಿದಳು.

ಚೊಕ್ಕಟಕ್ಕ ಆ ಕರೀ ಮುದ್ದೆಯನ್ನು, ಅದರ ಬಾಲವನ್ನು ಕಣ್ತುಂಬ ನೋಡಿದಳು. ಕೆಟ್ಟದಾಗಿತ್ತು. ಮೈಯೆಲ್ಲ ಪರಚಿಕೊಳ್ಳುವಷ್ಟು ಕೆಟ್ಟದಾಗಿತ್ತು.

“ಅದು ನನ್ನ ತಂಗಿ ಹಾಕಿದ್ದು,” ಎಂದಳು ಸಭೆಗೆಲ್ಲ ಕೇಳುವಂತೆ. “ಅದನ್ನ ಯಾರೂ ತೆಗೆಯೋ ಹಾಗಿಲ್ಲ.”

ಹತ್ತಿಯನ್ನು ಮ್ಯಾನೇಜರ್ ಕೈಗೆ ಕೊಟ್ಟುಬಿಟ್ಟಳು. ಅವರು ಅದನ್ನು ಹಿಡಿದುಕೊಂಡು, ಅಭ್ಯಾಸಬಲದಿಂದ, ಆಗ್ಲಿ ಬಿಡಿ ಎಂದರು. ಅಧಿಕಾರಿಣಿ ಏನರ್ಥ ಮಾಡಿಕೊಂಡರೋ, ಗಂಭೀರವಾಗಿ ತಲೆದೂಗಿ ಹಾಳೆಯನ್ನು ಇನ್ನೊಮ್ಮೆ ಎತ್ತಿ ಹಿಡಿದರು. ಮೊದಲಿಗಿಂತ ಜೋರು ಚಪ್ಪಾಳೆ.

ತಂಗಿ ಮೆಲ್ಲಗೆ ಪಕ್ಕಕ್ಕೆ ಸರಿದು ಅಕ್ಕನ ಕಿವಿಯ ಹತ್ತಿರ ಬಗ್ಗಿದಳು. “ಅದು ಕೈ ತಪ್ಪಿ ಬಿದ್ದಿದ್ದು ಕಣೇ ಅಕ್ಕ.”

“ಗೊತ್ತು. ಸುಮ್ನಿರು.”

ತಂಗಿಗೆ ನಗು ಬಂತು, ತಡೆಯಲು ಹೋಗಿ ಕಣ್ಣಲ್ಲೂ ನೀರು ಬಂತು. ಅಕ್ಕನ ಎಡಗೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡಳು. ಭಾಷಣಗಳು ಮುಗಿದು, ದೀಪ ಆರಿಸಿ, ವ್ಯಾನು ಗುಡ್ಡ ಇಳಿದು ಮನೆಯ ಬಾಗಿಲಿಗೆ ಬರುವವರೆಗೂ ಬಿಡಲಿಲ್ಲ. ಪ್ರೀತಿಯಿಂದಲೋ, ಆ ಕೈ ಮತ್ತೇನನ್ನಾದರೂ ಒರೆಸೀತೆಂಬ ಭಯದಿಂದಲೋ, ಅದನ್ನು ನಾನು ಕೇಳಲು ಹೋಗಲಿಲ್ಲ.